ತಮ್ಮನ ಗುಳಿಗೆ

ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದ ಹುಳು ಮೊದಲ ನೋಟಕ್ಕೇ ಅವನಿಗೆ ನಿರಾಸೆ ಮಾಡಿತು. ಇಷ್ಟು ದಿನ ತನ್ನ ಹೊಟ್ಟೆ ಹಿಂಡಿದ್ದು, ಸಭೆಯ ನಟ್ಟನಡುವೆ ಎಬ್ಬಿಸಿ ಪಾಯಿಖಾನೆಗೆ ಓಡಿಸಿದ್ದು, ಭಾಷಣದ ಒಳ್ಳೆಯ ಜಾಗದಲ್ಲೇ ಕೆಮ್ಮು ತರಿಸಿದ್ದು ಈ ನೂಲಿನೆಳೆಯೇ? ಸಂಘದ ಕಾರ್ಯದರ್ಶಿಯಾಗಿ ಅರ್ಧ ಆಯುಷ್ಯ ಸವೆಸಿದವನಿಗೆ ಎದುರಾಳಿ ದೊಡ್ಡವನಿರಬೇಕು ಎಂಬುದೊಂದು ಚಟ. ಮಾಲೀಕನೋ ಮಂತ್ರಿಯೋ, ಹೋಗಲಿ, ಹೆಸರು ಕೇಳಿದರೆ ಎದುರಿನವರು ಕುರ್ಚಿ ಬಿಟ್ಟುಕೊಡುವಂಥ ಒಂದು ಕಾಯಿಲೆಯೋ. ಇದು ನೋಡಿದರೆ ಬಾಲ ಬಡಿಯುವ ಅಲ್ಪವಿರಾಮ.

"ನೋಡಿ, ಎಷ್ಟು ಚುರುಕಾಗಿದೆ," ಎಂದರು ಡಾಕ್ಟರಮ್ಮ, ಪಕ್ಕದ ಮನೆಯ ಕೂಸನ್ನು ಹೊಗಳುವ ದನಿಯಲ್ಲಿ. "ನೀವು ಕೊಟ್ಟ ಡಬ್ಬಿಯಲ್ಲಿದ್ದದ್ದು. ಇಂಥವು ಇನ್ನೂ ಬೇಕಾದಷ್ಟಿವೆ."

ತನ್ನ ಹೇಲಿನಲ್ಲಿ ತನಗಿಂತ ಚುರುಕಾದದ್ದೊಂದು ವಾಸವಾಗಿದೆ ಎಂಬ ಸುದ್ದಿಗೆ ಅವನು ಮರ್ಯಾದೆಗೆ ತಲೆಯಾಡಿಸಿದ.

"ಉಳಿದ ಜಂತುಗಳ ಹಾಗಲ್ಲ ಇದು. ಅವು ಮೊಟ್ಟೆ ಇಡುತ್ವೆ, ಮೊಟ್ಟೆ ಹೊರಗೆ ಹೋಗುತ್ತೆ, ಕಥೆ ಮುಗೀತು. ಇದು ಒಳಗೇ ಮರಿ ಮಾಡಿ, ಆ ಮರಿ ಒಳಗೇ ಮತ್ತೆ ಸುತ್ತು ಹಾಕುತ್ತೆ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇದ್ದುಬಿಡುತ್ತೆ. ಮೈಯಲ್ಲಿ ತ್ರಾಣ ಇರೋ ತನಕ ಬಾಲ ಮುದುರಿಕೊಂಡಿರುತ್ತೆ. ಆದರೆ ಬೇರೆಯವರ ಕಿಡ್ನಿ ಒಳಗೆ ಉಳೀಲಿ ಅಂತ ನಾವೇ ಮಾತ್ರೆ ಕೊಟ್ಟು ನಿಮ್ಮ ಮೈಯ ಕಾವಲುಗಾರನ್ನ ಮಲಗಿಸಿದ್ದೀವಲ್ಲ, ಅದರಲ್ಲೂ ಆ ಸಣ್ಣ ಬಿಳಿ ಮಾತ್ರೆ, ಸ್ಟೀರಾಯ್ಡು, ಅದೊಂದು ಸಿಕ್ಕಿದ್ರೆ ಸಾಕು, ಇದಕ್ಕೆ ಸುಗ್ಗಿ."

"ಸುಗ್ಗಿ ಅಂದ್ರೆ?"

"ಶ್ವಾಸಕೋಶ, ರಕ್ತ, ಮಿದುಳು. ಆಮೇಲೆ ನಮ್ಮ ಕೈಲಿ ಹೆಚ್ಚು ಉಳಿಯಲ್ಲ. ನಿಮ್ಮದು ಬೇಗ ಸಿಕ್ಕಿದೆ. ಇದಕ್ಕೆ ಬೇರೆ ಮಾತ್ರೆ ಇದೆ, ಹೋಗುತ್ತೆ. ಹೆದರಬೇಡಿ."

ಅವನು ಹೆದರಿರಲಿಲ್ಲ, ಅಸೂಯೆಪಡುತ್ತಿದ್ದ. ಹರೆಯದಲ್ಲಿ, ಗೋದಾಮಿನ ಮೇಲಿನ ಕೋಣೆಯಲ್ಲಿ ನಡೆಯುತ್ತಿದ್ದ ಅಧ್ಯಯನ ಕೂಟದಲ್ಲಿ, ಒಡೆದ ಗಾಜಿನ ಕಿಟಕಿಗೆ ಬೆನ್ನು ಕೊಟ್ಟು ಅವನು ವಿವರಿಸುತ್ತಿದ್ದದ್ದು ಇದನ್ನೇ ಅಲ್ಲವೇ? ಭೂಗತವಾಗಿರಬೇಕು, ಒಳಗಿಂದಲೇ ಬೆಳೆಯಬೇಕು, ಪ್ರಭುತ್ವದ ಕಾವಲು ಸಡಿಲವಾಗುವ ಗಳಿಗೆಗಾಗಿ ದಶಕಗಟ್ಟಲೆ ತಾಳ್ಮೆಯಿಂದ ಕಾಯಬೇಕು. ಕೇಳಿದವರೆಲ್ಲ ಹೂಂಗುಟ್ಟಿ ಮನೆಗೆ ಹೋಗಿ ಮದುವೆಯಾದರು. ಅವನ ಪಾಠವನ್ನು ಅಕ್ಷರಶಃ ಪಾಲಿಸಿದ್ದು ಈ ಒಂದು ಜೀವ, ಅದೂ ಅವನ ವಿರುದ್ಧವೇ.

"ಬರಿಗಾಲಲ್ಲಿ ಓಡಾಡಿದ್ದುಂಟಾ ನೀವು?"

ಈ ಪ್ರಶ್ನೆಗಾಗಿ ಅವನು ಎಷ್ಟು ವರ್ಷಗಳಿಂದ ಕಾದಿದ್ದ! ಯಾರೂ ಕೇಳಿರಲಿಲ್ಲ. ಸಸಿ ಬೆಳೆಸುವ ನರ್ಸರಿಗಳ ಹೆಂಗಸರಿಗೆ ಬೂಟು ಕೊಡಿಸುವ ಹೋರಾಟವನ್ನು ಅವನು ಮೊದಲಿಂದ ಹೇಳತೊಡಗಿದ. ಊರಿನ ಕೊಳಚೆಯನ್ನೇ ಒಣಗಿಸಿ ಗೊಬ್ಬರವೆಂದು ಮಣ್ಣಿಗೆ ಬೆರೆಸುವ ಮಾಲೀಕರು, ಆ ಮಣ್ಣಿನಲ್ಲಿ ಪಾದ ಹುಗಿದು ದಿನವಿಡೀ ಕೂರುವ ಹೆಂಗಸರು, ಅವರ ಕಾಲಿಗೆ ಬೂಟು ಬರುವ ತನಕ ತನ್ನ ಕಾಲಿಗೂ ಚಪ್ಪಲಿ ಬೇಡವೆಂದು ವೇದಿಕೆಯ ಮೇಲೇ ಕಳಚಿ ಎಸೆದದ್ದು, ಎಸೆದ ಚಪ್ಪಲಿ ಅಧ್ಯಕ್ಷರ ನೀರಿನ ಲೋಟಕ್ಕೆ ತಾಗಿದ್ದು, ಒಂದು ಇಡೀ ಬೇಸಿಗೆ ಅಂಗಾಲು ಸುಟ್ಟುಕೊಂಡದ್ದು. ಕಡೆಗೆ ಬೂಟು ಬಂದವು ಎಂದು ಮುಗಿಸಿದ. ಬಂದ ಬೂಟುಗಳೆಲ್ಲ ಒಂದೇ ಅಳತೆಯವು, ಗಂಡಸರವು ಎಂಬುದನ್ನು ಮಾತ್ರ ಎಂದಿನಂತೆ ಬಿಟ್ಟ.

"ಎಲ್ಲಿ ನಡೆದಿದ್ದು?" ಡಾಕ್ಟರಮ್ಮ ಗಡಿಯಾರ ನೋಡುತ್ತ ಕೇಳಿದರು.

"ಮೆರವಣಿಗೆಗಳಲ್ಲಿ. ರಸ್ತೆ ಮೇಲೆ. ಕಚೇರಿಗಳ ಮುಂದೆ."

"ಡಾಂಬರಿನ ಮೇಲೆ ನಡೆದರೆ ಇದು ಹತ್ತಲ್ಲ ಕಣ್ರೀ. ಮನುಷ್ಯರ ಹೊಲಸು ಸೇರಿದ ಹಸಿ ಮಣ್ಣೇ ಬೇಕು."

ಹಾಗಾದರೆ ಹುಳುವೂ ಅವನ ಹೋರಾಟವನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

"ಚಿಕ್ಕಂದಿನಲ್ಲಿ ಹತ್ತಿರಬಹುದು," ಅವರು ಮುಂದುವರಿಸಿದರು. "ಇಲ್ಲಾಂದ್ರೆ ಕಿಡ್ನಿ ಜೊತೆಗೇ ಬಂದಿರಬಹುದು, ಹಾಗೂ ಆಗುತ್ತೆ. ಹುಳದ ಮೇಲೆ ಯಾರ ಹೆಸರೂ ಬರೆದಿರಲ್ಲ. ನಿಮಗೆ ಕೊಟ್ಟಿದ್ದು ಅಕ್ಕ ಅಲ್ವಾ? ಏನು ಕೆಲಸ ಅವರಿಗೆ?"

"ನರ್ಸರಿಯಲ್ಲಿ. ಚೀಲಕ್ಕೆ ಮಣ್ಣು ತುಂಬೋದು."

"ಆಪರೇಷನ್‌ಗೆ ಮುಂಚೆ ಕೇಳಿದಾಗ ಮನೆಯಲ್ಲೇ ಇರ್ತಾರೆ ಅಂದಿದ್ರಲ್ಲ?"

"ಮನೆಯಲ್ಲೂ ಇರ್ತಾಳೆ," ಎಂದ ಅವನು. ಅಂದು ಅಕ್ಕ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಇವನು ಉತ್ತರ ಕೊಟ್ಟಾಗಿತ್ತು. ದುಡಿಯುವವರ ಪರವಾಗಿ ಮಾತಾಡಿ ಮಾತಾಡಿ ಅವರು ಪಕ್ಕದಲ್ಲೇ ಇದ್ದರೂ ನಿಲ್ಲಿಸಲಾಗದಷ್ಟು ರೂಢಿಯಾಗಿತ್ತು. ತನ್ನ ಅಕ್ಕ ಕೊಳಚೆ ಮಣ್ಣು ತುಂಬುತ್ತಾಳೆ ಎಂದು ಸಾವಿರ ಜನರ ಮುಂದೆ ಎದೆ ತಟ್ಟಿ ಹೇಳುತ್ತಿದ್ದವನಿಗೆ, ಬಿಳಿ ಕೋಟಿನ ಒಬ್ಬರ ಮುಂದೆ ಹೇಳಲು ನಾಲಗೆ ಹೊರಳಿರಲಿಲ್ಲ.

ಆದರೆ ಈಗ ಅವನನ್ನು ದಂಗುಬಡಿಸಿದ್ದು ನಾಚಿಕೆಯಲ್ಲ. ಕಿಡ್ನಿಯ ಜೊತೆಗೇ ಬಂದಿರಬಹುದು ಎಂಬ ಮಾತು ಕಿವಿಗೆ ಬಿದ್ದಾಗ ಎದೆಯೊಳಗೆ ಏನೋ ಹಗುರಾಗಿ ಕುಣಿದಿತ್ತು, ಅದು. ಆಪರೇಷನ್ ಆದಂದಿನಿಂದ ಅವನು ಅಕ್ಕನ ಎದುರು ಸೆಟೆದು ಕೂತಿರಲಿಲ್ಲ. ಅವಳು ಏನೂ ಅನ್ನುತ್ತಿರಲಿಲ್ಲ, ಅದೇ ತೊಂದರೆ. ಒಂದು ದಿನವಾದರೂ ಹಂಗಿಸಿದ್ದರೆ ಜಗಳವಾಡಿ ಸರಿಸಮನಾಗಬಹುದಿತ್ತು. ಅವಳು ಮಾತ್ರ, ತಗೋ ಇದೊಂದು ಉಳಿದಿತ್ತು ಎಂಬಂತೆ ಕೊಟ್ಟು, ಹೊಲಿಗೆ ಬಿಚ್ಚಿದ ಮೇಲೆ ಮಣ್ಣು ತುಂಬಲು ಹೋಗಿದ್ದಳು. ಅವನು ಉಚ್ಚೆ ಹೊಯ್ದಾಗಲೆಲ್ಲ ಅವಳ ನೆನಪಾಗುತ್ತಿತ್ತು. ಕೃತಜ್ಞತೆ ಇಷ್ಟು ಸಲ ಇಷ್ಟು ಹೊತ್ತುಗೊತ್ತಿಲ್ಲದೆ ಬರಬಾರದು. ಈಗ ನೋಡಿದರೆ ಆ ದಾನದಲ್ಲೂ ಹುಳುಕಿತ್ತು! ಅವಳು ಪೂರ್ತಿ ದೇವತೆಯಲ್ಲ! ಎಂಥ ನೆಮ್ಮದಿ. ತನ್ನ ಪ್ರಾಣ ಉಳಿಸಿದವಳಲ್ಲಿ ಒಂದು ಕೊರತೆ ಸಿಕ್ಕಿತೆಂದು ಹಿಗ್ಗಿದ ಈ ಮನುಷ್ಯನನ್ನು, ಎಂದುಕೊಂಡ ಅವನು, ಯಾವ ಹುಳ ತಿಂದರೂ ಅದಕ್ಕೆ ಅಜೀರ್ಣವಾದೀತು.

"ಅವರನ್ನೂ ಪರೀಕ್ಷೆ ಮಾಡಬೇಕು," ಡಾಕ್ಟರಮ್ಮ ಹೇಳುತ್ತಿದ್ದರು. "ಗಟ್ಟಿಯಾಗಿದ್ರೆ ಅವಸರ ಇಲ್ಲ. ಅವರು ಬೇರೆ ಏನಾದರೂ ಮಾತ್ರೆ ತಗೋತಿದ್ದಾರಾ?"

ಹಿಗ್ಗು ಅಲ್ಲೇ ಹೆಪ್ಪುಗಟ್ಟಿತು.

"ಮಂಡಿನೋವಿಗೆ," ಎಂದ. "ಸಣ್ಣದು. ಬಿಳಿಯದು."

ಡಾಕ್ಟರಮ್ಮನ ಪೆನ್ನು ನಿಂತಿತು. "ನಿಮ್ಮದೇ ತರಹದ್ದಾ? ಯಾರು ಕೊಟ್ಟಿದ್ದು?"

"ಯಾವುದೋ ಅಂಗಡಿಯವನು."

"ಇವರನ್ನ ಹಿಡಿದು ಒದೀಬೇಕು!" ಅವರು ಮೇಜು ಗುದ್ದಿದರು. "ಚೀಟಿ ಇಲ್ಲದೆ ಮಾರ್ತಾರೆ. ಅವರಿಗೆ ಹುಳ ಇದ್ದು, ಮೇಲೆ ಈ ಮಾತ್ರೆ ಬಿದ್ರೆ ನಿಮಗಿಂತ ಕೆಟ್ಟದಾಗುತ್ತೆ, ಅರ್ಥ ಆಯ್ತಾ? ಸತ್ತುಹೋಗ್ತಾರೆ. ಇವತ್ತೇ ಕರ್ಕೊಂಡು ಬನ್ನಿ, ಈಗಲೇ."

"ಒದೀಬೇಕು," ಎಂದು ಅವನೂ ದನಿಗೂಡಿಸಿದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಇಲ್ಲ, ಬಡವರ ನೋವನ್ನು ಮಾರುಕಟ್ಟೆ ಮಾಡಿಕೊಂಡ ಔಷಧಿ ವ್ಯಾಪಾರದ ಬಗ್ಗೆ ನಾಲ್ಕು ಮಾತಾಡಿದ, ಚೆನ್ನಾಗಿಯೇ ಆಡಿದ. ನರ್ಸು ಕೂಡ ಬಾಗಿಲಲ್ಲಿ ನಿಂತು ಕೇಳಿದಳು.

ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಹಣೆ ಕೊಟ್ಟು ಕೂತಾಗ, ಆ ಅಂಗಡಿಯವನ ಮುಖ ಗಾಜಿನಲ್ಲಿ ಕಾಣಿಸುತ್ತಿತ್ತು. ಕೆನ್ನೆ ಊದಿಕೊಂಡು ದುಂಡಗಿತ್ತು, ಆ ಮಾತ್ರೆ ತಿಂದವರದೆಲ್ಲ ಹಾಗಾಗುತ್ತದೆ. ಡಾಕ್ಟರಮ್ಮ ಅವನ ಮಾತ್ರೆಯ ಪ್ರಮಾಣವನ್ನು ಕಡಿಮೆ ಮಾಡಿದ್ದರೂ ಔಷಧಿ ಕೊಡುವ ಕಿಟಕಿಯಲ್ಲಿ ಹಳೆಯ ಲೆಕ್ಕದಷ್ಟೇ ಕೊಡುತ್ತಿದ್ದರು. ಅವನು ಸುಮ್ಮನೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಆಗ ಅಕ್ಕ ಮಂಡಿ ಹಿಡಿದುಕೊಂಡು, ಗೋಡೆ ಹಿಡಿದು ಏಳುತ್ತಿದ್ದಳು. ಇದನ್ನು ತಗೋ, ಶಕ್ತಿ ಬರುತ್ತೆ, ನನ್ನನ್ನೇ ಎಬ್ಬಿಸಿ ನಿಲ್ಲಿಸಿದ್ದು ಇದು, ಎಂದು ಕೊಟ್ಟ. ನಿನ್ನದು ನನಗೆ ಆಗುತ್ತೇನೋ ಎಂದು ಅವಳು ಅನುಮಾನಿಸಿದಾಗ ನಕ್ಕಿದ್ದ: ಡಾಕ್ಟರೇ ಹೇಳಿಲ್ಲವೇ, ಅಕ್ಕ ತಮ್ಮಂದಿರದು ಅಚ್ಚು ಹೊಂದಾಣಿಕೆ ಅಂತ? ನಿನ್ನ ಕಿಡ್ನಿ ನನಗೆ ಒಗ್ಗಿದ ಮೇಲೆ ನನ್ನ ಮಾತ್ರೆ ನಿನಗೆ ಒಗ್ಗದೆ ಇರುತ್ತಾ? ಅವಳಿಗೆ ಅದು ತುಂಬ ಸರಿಯಾದ ಮಾತೆನ್ನಿಸಿತು. ಅವನಿಗೂ. ಮೂರನೆಯ ದಿನ ಅವಳು ಬಿಂದಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು, ತಮ್ಮನ ಗುಳಿಗೆ, ತಮ್ಮನ ಗುಳಿಗೆ ಎಂದು. ಅಂದು ಅವನು ಅವಳ ಎದುರು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಆಮೇಲೆ ಪ್ರತಿ ತಿಂಗಳೂ ಕೊಟ್ಟ, ಕಾಗದದಲ್ಲಿ ಸುತ್ತಿ, ತುಸು ಉದಾಸೀನದಿಂದ, ದೊಡ್ಡವರು ಕೊಡುವ ಹಾಗೆ. ಕೊಡುವುದರಲ್ಲಿ ಎಂಥ ಸುಖವಿದೆ ಎಂಬುದು ಅವನಿಗೆ ಆಗಲೇ ಗೊತ್ತಾದದ್ದು. ಅಕ್ಕನ ಸುಮ್ಮನಿರುವಿಕೆಯ ಗುಟ್ಟು ಇದೇ ಇರಬೇಕು ಎಂದುಕೊಂಡಿದ್ದ. ಈಗ ಅದನ್ನು ವಾಪಸು ಕೇಳಲು ಹೋಗುತ್ತಿದ್ದಾನೆ. ಕೊಟ್ಟದ್ದನ್ನು ಕಿತ್ತುಕೊಳ್ಳುವ ಮಾಲೀಕರ ವಿರುದ್ಧ ಅವನು ಬರೆದ ಕರಪತ್ರದ ಒಂದು ಸಾಲು ಸುಮ್ಮಸುಮ್ಮನೆ ನೆನಪಾಗಿ, ಪಕ್ಕದವನು ತಿರುಗಿ ನೋಡುವ ಹಾಗೆ ನಕ್ಕುಬಿಟ್ಟ.

ನರ್ಸರಿಯ ಹಸಿರು ಬಲೆಯ ಕೆಳಗೆ ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಕಪ್ಪು ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ಅವನು ತಂದುಕೊಟ್ಟ ಬೂಟುಗಳು ಬೇಲಿಯುದ್ದಕ್ಕೂ ತಲೆಕೆಳಗಾಗಿ ಗೂಟಗಳಿಗೆ ಸಿಕ್ಕಿಕೊಂಡಿದ್ದವು. ಒಂದರ ಬಾಯಲ್ಲಿ ಹಕ್ಕಿ ಗೂಡು ಕಟ್ಟಿತ್ತು.

"ಲೇ, ಮೈಕು ಬಂತು ನೋಡ್ರೇ!" ಎಂದು ಕೂಗಿದಳು ಸಾಲಿನ ಮೊದಲಲ್ಲಿದ್ದ ಜೋರುಬಾಯಿಯ ಹೆಂಗಸು. ಇಲ್ಲೆಲ್ಲ ಅವನ ಹೆಸರು ಅದೇ. "ಏನ್ ಸಾಹೇಬ್ರೇ, ಇನ್ನೊಂದು ಜೊತೆ ಬೂಟು ತಂದ್ರಾ? ಹೋದ ಸಲದ್ದು ಕೆಸರಲ್ಲಿ ಇಟ್ರೆ ಬೂಟು ಒಳಗೇ ಉಳಿಯುತ್ತೆ, ಕಾಲು ಮಾತ್ರ ಮೇಲೆ ಬರುತ್ತೆ!"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅವಳ ಮುಖವೂ ದುಂಡಗಾಗಿತ್ತು. ಮೈ ತುಂಬಿಕೊಂಡಿದ್ದಾಳೆ ಎಂದು ಅವನೇ ಹೋದ ತಿಂಗಳು ಹೇಳಿದ್ದ, ಸಾಕಿದವನ ಹೆಮ್ಮೆಯಿಂದ.

"ಬಾರೋ," ಎಂದಳು ಅಕ್ಕ. "ಅಲ್ಲೇ ನಿಲ್ಲು, ಕಲ್ಲಿನ ಮೇಲೆ. ನಿನಗೆ ಈ ಮಣ್ಣು ಆಗಲ್ಲ."

ಅವನು ಕಲ್ಲಿನ ಮೇಲೆ ನಿಂತ. ವೇದಿಕೆಯಂತಿತ್ತು, ಅದೇ ತಪ್ಪಾಯಿತು. "ಅಕ್ಕಾ, ಇವತ್ತಿನ ದಿನ ನಮ್ಮ ಆರೋಗ್ಯ ವ್ಯವಸ್ಥೆ ಅನ್ನೋದು..." ಎಂದು ಶುರುಮಾಡಿದ.

"ಭಾಷಣ ಬೇಡ ಕಣೋ. ಏನಾಗಿದೆ ಹೇಳು. ಕಿಡ್ನಿ ಕೈ ಕೊಡ್ತಾ?"

ಅವಳ ಕೈ ಮಣ್ಣಿನಲ್ಲೇ ನಿಂತಿತ್ತು. ಕೇಳಿದ್ದು ಅಷ್ಟು ಸಲೀಸಾಗಿ. ಕಣ್ಣು ಮಾತ್ರ ಅವನ ಬಾಯಿಗೇ ನೆಟ್ಟಿತ್ತು.

"ಕಿಡ್ನಿ ಚೆನ್ನಾಗಿದೆ. ಹೊಟ್ಟೇಲಿ ಹುಳ ಇದೆಯಂತೆ."

"ಥೂ, ಇಷ್ಟೇನಾ!" ಅವಳು ಮತ್ತೆ ಮಣ್ಣು ತುಂಬತೊಡಗಿದಳು. "ಹುಳ ಯಾರ ಹೊಟ್ಟೇಲಿಲ್ಲ?"

"ನಿನ್ನ ಹೊಟ್ಟೇಲೂ ಇರಬಹುದಂತೆ. ಬರಿಗಾಲಿಂದ ಏರುತ್ತಂತೆ. ನೀನೂ ಬಂದು ಡಬ್ಬಿ ಕೊಡಬೇಕು."

"ಏನ್ ಡಬ್ಬಿ?"

ಅವನು ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ. ಅಷ್ಟು ತಗ್ಗಿದ ದನಿ ಅವನಿಗೆ ಇದೆಯೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಇಡೀ ಸಾಲು ಕಿವಿಗೊಟ್ಟಿತು.

"ಕಿಡ್ನಿ ಬೇಕಾದಾಗ ಬಾಯಿಬಿಟ್ಟು ಕೇಳ್ಲಿಲ್ಲ," ಎಂದಳು ಅಕ್ಕ, ಸಾಲಿಗೆಲ್ಲ ಕೇಳುವಂತೆ. "ನಾನೇ ತಿಳ್ಕೊಂಡು ಕೊಟ್ಟೆ. ಈಗ ಹೇಲು ಕೇಳೋಕೆ ಬಸ್ಸು ಹತ್ತಿ ಬಂದಿದ್ದಾನೆ ನೋಡ್ರೇ!"

"ಕೊಟ್ಬಿಡಕ್ಕ," ಎಂದಳು ಜೋರುಬಾಯಿಯವಳು. "ಇದಕ್ಕೆ ಹೊಲಿಗೆ ಹಾಕಲ್ಲ."

ನಗು ಅಡಗುವ ತನಕ ಅವನು ಕಲ್ಲಿನ ಮೇಲೆ ನಿಂತೇ ಇದ್ದ. ಆಮೇಲೆ ಇಳಿದ. ಅವನ ಕಾಲಿನ ಬೂಟು ಪಚಕ್ಕನೆ ಮಣ್ಣಿಗೆ ಹೂತಿತು. ಅಕ್ಕನ ಪಕ್ಕ ಕುಕ್ಕರಿಸಿ, "ಆ ಗುಳಿಗೆ ಇದೆಯಲ್ಲ," ಎಂದ. "ನಾನು ಕೊಟ್ಟಿದ್ದು. ಅದು ಹುಳಾನ ಎಬ್ಬಿಸುತ್ತಂತೆ. ಹುಳ ಇದ್ದೋರು ತಿಂದ್ರೆ ಜೀವಕ್ಕೇ ಸಂಚಕಾರ. ಡಾಕ್ಟರು ಹೇಳಿದ್ರು. ನನಗೆ ಗೊತ್ತಿರಲಿಲ್ಲ ಅಕ್ಕಾ."

ಸೊಂಟದ ಸಂಚಿಯ ಮೇಲೆ ಅವಳ ಕೈ ತಾನಾಗಿ ಹೋಗಿ ಕೂತಿತು, ಗುಳಿಗೆ ಅಲ್ಲಿತ್ತು. "ಇದಿಲ್ಲದೆ ನಾನು ಹೀಗೆ ಕೂರಕ್ಕಾಗಲ್ಲ," ಎಂದಳು. "ಕೂರಕ್ಕಾಗದಿದ್ರೆ ನಾಳೆಯಿಂದ ಬರಬೇಡ ಅಂತಾನೆ ಆ ಮೇಸ್ತ್ರಿ." ಮತ್ತೆ, ಬೇರೆಯದೇ ದನಿಯಲ್ಲಿ: "ಹೊಟ್ಟೆ ಮೇಲೆ ಕೆಂಪಗೆ ಚುಕ್ಕಿ ಬಂದಿದೆ ಕಣೋ. ಸೊಂಟದ ಹತ್ರ ಗೆರೆ ಗೆರೆ, ಬೆಳಿಗ್ಗೆ ಇಲ್ಲಿದ್ರೆ ಸಂಜೆ ಅಲ್ಲಿ. ಓಡಾಡೋ ಕಜ್ಜಿ ಅಂದ್ಕೊಂಡಿದ್ದೆ."

"ಏಳು," ಎಂದ ಅವನು.

"ಹಾಗಾದ್ರೆ ನನ್ನಿಂದಲೇ ನಿನಗೆ..."

"ಯಾರಿಂದ ಯಾರಿಗೋ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಬಯಲಿಗೆ ಹೋಗ್ತಿದ್ವಲ್ಲ. ನನಗೆ ಅಲ್ಲೇ ಹತ್ತಿರಬಹುದು."

"ಎಲ್ಲಿ ಹತ್ತುತ್ತೆ? ನಿನ್ನ ಕಾಲು ನೆಲಕ್ಕೆ ತಾಗಿಸಿದ್ರೆ ತಾನೇ? ಸೊಂಟದಿಂದ ಇಳಿಸಿದ್ರೆ ಊರು ಒಂದಾಗೋ ಹಾಗೆ ಕಿರುಚ್ತಿದ್ದೆ." ಅವಳು ಕೈಯ ಮಣ್ಣು ಕೊಡವಿ ಏಳಲು ನೋಡಿದಳು, ಏಳಲಾಗಲಿಲ್ಲ. ಅವನು ಕಂಕುಳಿಗೆ ಕೈ ಕೊಟ್ಟ. ಅವಳ ಮೈ ಕೆಂಡದಂತೆ ಸುಡುತ್ತಿತ್ತು.

ಆಸ್ಪತ್ರೆಯಲ್ಲಿ ಅಕ್ಕನನ್ನು ಮಂಚದ ಮೇಲೆ ಮಲಗಿಸಿ ಡಾಕ್ಟರಮ್ಮ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು, ಹೊಟ್ಟೆಯ ಚುಕ್ಕಿಗಳನ್ನು ಒತ್ತಿ ನೋಡಿದರು, ಮುಖ ಗಂಟಿಕ್ಕಿದರು. ಅವನು ಗೋಡೆಗೆ ಒರಗಿ, ಮೊಳಕಾಲವರೆಗೂ ಮಣ್ಣು ಮೆತ್ತಿಕೊಂಡು ನಿಂತಿದ್ದ. ಹೇಳಿಬಿಡಬೇಕು, ಅಂಗಡಿಯವನು ಯಾರೆಂದು. ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದ. ಕಟ್ಟಿದಷ್ಟೂ ಅದಕ್ಕೆ ಪೀಠಿಕೆ ಬೇಕೆನ್ನಿಸುತ್ತಿತ್ತು, ಆರ್ಥಿಕ ಹಿನ್ನೆಲೆ ಬೇಕೆನ್ನಿಸುತ್ತಿತ್ತು.

"ಯಾವ ಅಂಗಡಿಯಮ್ಮ ಆ ಮಾತ್ರೆ ಕೊಟ್ಟಿದ್ದು?"

ಅಕ್ಕ ಒಮ್ಮೆ ತಮ್ಮನ ಕಡೆ ನೋಡಿದಳು. ಒಂದೇ ನೋಟಕ್ಕೆ ಅವಳಿಗೆ ಎಲ್ಲ ತಿಳಿಯಿತು. ಅಂಗಡಿ ಎಲ್ಲಿಂದ ಬಂತು ಎಂಬುದೂ.

"ಅಂಗಡಿ ಎಲ್ಲಿ ತಾಯಿ? ನಾನೇ ಕದ್ದೆ. ಇವನ ಡಬ್ಬಿಯಿಂದ. ಅವನಿಗೆ ಪಾಪ ಏನೂ ಗೊತ್ತಿಲ್ಲ."

"ಕದ್ದು ತಿನ್ನೋಕೆ ಅದೇನು ಸಕ್ಕರೆನಾ? ಎಷ್ಟು ತಿಂದ್ರಿ?"

"ಏನೋ, ಎರಡೋ ನಾಲ್ಕೋ. ನೋವು ತಡೀಲಾರದೆ ಹೋದ ವಾರ."

"ಅಷ್ಟೇನಾ? ಹಾಗಾದ್ರೆ ಈಗಲೇ ನಿಲ್ಲಿಸಿಬಿಡೋಣ. ತುಂಬ ದಿನದಿಂದ ತಿಂತಿದ್ರೆ ಫಕ್ಕನೆ ನಿಲ್ಲಿಸೋ ಹಾಗಿರಲಿಲ್ಲ. ಮೈ ಅದಕ್ಕೇ ಒಗ್ಗಿರುತ್ತೆ, ಜ್ವರದಲ್ಲಿ ನಿಲ್ಲಿಸಿದ್ರೆ ರಕ್ತದೊತ್ತಡ ಇಳಿದು ಕುಸಿದುಬಿಡ್ತಾರೆ." ಡಾಕ್ಟರಮ್ಮ ಬರೆಯಲು ಬಗ್ಗಿದರು.

ಆ ಕ್ಷಣ ಮತ್ತೆ ಬಂತು ಆ ಹಾಳು ನೆಮ್ಮದಿ. ಅದರ ಪರಿಚಯ ಈಗ ಅವನಿಗೆ ಚೆನ್ನಾಗಿ ಇತ್ತು. ಎದೆಯೊಳಗೆ ಬಾಲ ಬಡಿದು ಕುಣಿಯುವಂಥದ್ದು. ಅಕ್ಕ ಇನ್ನೊಮ್ಮೆ ಕೊಟ್ಟಿದ್ದಳು, ಇದೊಂದು ಉಳಿದಿತ್ತು ತಗೋ ಎಂಬಂತೆ. ತಗೊಂಡರೆ ಮುಗಿಯಿತು. ಯಾರಿಗೂ ತಿಳಿಯದು. ಪೆನ್ನು ಕಾಗದದ ಮೇಲೆ ಓಡುತ್ತಿತ್ತು.

"ಎರಡು ನಾಲ್ಕಲ್ಲ," ಎಂದ. ದನಿ ಬರಲಿಲ್ಲ. ಮೈಕಿಲ್ಲದೆ ಮೈದಾನ ತುಂಬುತ್ತಿದ್ದ ದನಿ ಮಂಚದ ಆಚೆಗೆ ದಾಟಲಿಲ್ಲ.

"ಏನಂದ್ರಿ? ಜೋರಾಗಿ ಹೇಳಿ."

"ಅರ್ಧ ವರ್ಷದಿಂದ, ದಿನಾ ತಿಂತಿದ್ದಾಳೆ. ನಾನೇ ಕೊಟ್ಟೆ. ನನ್ನದರಲ್ಲಿ ಉಳಿದದ್ದು."

ಕೋಣೆ ನಿಶ್ಶಬ್ದವಾಗುತ್ತದೆಂದು ಅವನು ಎಣಿಸಿದ್ದ. ಎಲ್ಲೋ ನಲ್ಲಿ ಸುರಿಯುತ್ತಲೇ ಇತ್ತು. ಡಾಕ್ಟರಮ್ಮ ತಲೆ ಕೂಡ ಎತ್ತಲಿಲ್ಲ, ಬರೆದದ್ದನ್ನು ಹೊಡೆದುಹಾಕಿ, "ಎಷ್ಟು ಮಿಲಿಗ್ರಾಂ?" ಎಂದರು.

"ಹತ್ತು."

"ದಿನಕ್ಕೆ ಒಂದೇನಾ?"

"ಒಂದೇ. ನೋವು ಹೆಚ್ಚಿದ್ರೆ ಎರಡು."

ಅಷ್ಟೇ. ಅವನ ಬದುಕಿನ ಅತಿ ಕಷ್ಟದ ಮಾತು ಅವರಿಗೆ ಬೇಕಾದದ್ದು ಒಂದು ಅಂಕಿಯಾಗಿ ಮಾತ್ರ. "ನಿಲ್ಲಿಸೋದು ಬೇಡ, ನಾವೇ ನಿಧಾನಕ್ಕೆ ಇಳಿಸ್ತೀವಿ," ಎಂದು ನರ್ಸಿಗೆ ಹೇಳಿ, "ಮಲ ತಗೊಳ್ಳಿ, ಹುಳ ಕಂಡ ತಕ್ಷಣ ಅದರ ಮಾತ್ರೆ ಶುರು ಮಾಡೋಣ," ಎನ್ನುತ್ತ ಇನ್ನೊಂದು ಮಂಚಕ್ಕೆ ಹೋದರು. ಬೈಯಬಹುದಿತ್ತು. ಒದೆಯಬೇಕೆಂದವರು ಒಂದು ಮಾತಾದರೂ ಆಡಬಹುದಿತ್ತು. ಬೈದದ್ದು ಅಕ್ಕ.

"ಬಾಯಿ ಮುಚ್ಚಿಕೊಂಡಿರೋಕೆ ಆಗಲ್ವಾ ನಿನಗೆ? ಒಂದು ಸಲಕ್ಕಾದ್ರೂ?"

"ಇಲ್ಲ," ಎಂದ ಅವನು.

"ದರಿದ್ರದವನು," ಎಂದು ಗೋಡೆಯ ಕಡೆ ಹೊರಳಿದಳು. ಅವಳ ಹೆಗಲು ಅಲುಗುತ್ತಿತ್ತು. ನಗುವೋ ಕೆಮ್ಮೋ ಹಿಂದಿನಿಂದ ತಿಳಿಯುತ್ತಿರಲಿಲ್ಲ.

ನರ್ಸು ಮರೆಯ ಹಿಂದಿನಿಂದ ಡಬ್ಬಿ ತಂದು ಅವನ ಕೈಗಿಟ್ಟಳು. "ಬಿಸಿ ಇರೋವಾಗಲೇ ಲ್ಯಾಬಿಗೆ ಮುಟ್ಟಬೇಕು. ಆ ಕಡೆ ಕಟ್ಟಡ. ಓಡಿ."

ಎರಡೂ ಕೈಯಲ್ಲಿ ಹಿಡಿದು ಓಡಿದ. ಪ್ಲಾಸ್ಟಿಕ್ಕಿನ ಒಳಗಿನಿಂದ ಬಿಸಿ ಅಂಗೈಗೆ ತಾಗುತ್ತಿತ್ತು. ಮೊಗಸಾಲೆಯ ತುಂಬ ಜನ, ತಳ್ಳುಗಾಡಿಗಳು. "ದಾರಿ ಬಿಡಿ!" ಎಂದು ಕೂಗಿದ, ದನಿ ಈಗ ಧಾರಾಳವಾಗಿ ಬಂತು; ಒಳಗೆ ಯಾರದೋ ಗುಂಡಿಗೆ ಇದೆಯೆಂದು ತಿಳಿದವರಂತೆ ಜನ ಎರಡು ಪಾಲಾಗಿ ಸರಿದರು. ಒಬ್ಬ ಮುದುಕ ಟೋಪಿ ಸಹ ತೆಗೆದ.

"ಯಾರದ್ರೀ ಇದು?" ಎಂದ ಕಿಟಕಿಯ ಒಳಗಿನವನು.

"ನಮ್ಮಕ್ಕಂದು."

"ಮುಚ್ಚಳ ಸರಿಯಾಗಿ ಕೂತಿಲ್ಲ. ನಿಮ್ಮ ಕೈಗೆಲ್ಲ ಆಗಿದೆ ನೋಡಿ. ನಲ್ಲಿ ಅಲ್ಲಿದೆ."

"ಮೊದಲು ಅದನ್ನ ನೋಡಿ."

ಲ್ಯಾಬಿನವನು ಗೊಣಗುತ್ತ ಗಾಜಿನ ಮೇಲೆ ಒಂದಿಷ್ಟು ಸವರಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಬಗ್ಗಿಸಿದ. ಇವನು ಎರಡು ಕೈಗಳನ್ನೂ ಮೈಗೆ ತಾಗದಂತೆ ಮುಂದೆ ಚಾಚಿಕೊಂಡು ನಿಂತ. ಹಿಂದಿದ್ದವರು ಮೂಗು ಮುಚ್ಚಿ ದೂರ ಸರಿದರು. ಒಳಗೆ ತಿರುಪು ತಿರುಗಿತು, ನಿಂತಿತು, ಮತ್ತೆ ತಿರುಗಿತು.

"ಇವೆ," ಎಂದ ಲ್ಯಾಬಿನವನು. "ತುಂಬಾನೇ ಇವೆ. ಕಾಗದ ಆಮೇಲೆ ಕಳಿಸ್ತೀನಿ, ನೀವು ಹೋಗಿ ಬಾಯಲ್ಲೇ ಹೇಳಿ."

ಹೇಳಬೇಕಾದದ್ದು ಒಂದೇ ಪದ. ಬೇರೇನೂ ಸೇರಿಕೊಳ್ಳದಂತೆ ಅದೊಂದನ್ನೇ ಹೇಳಿಕೊಳ್ಳುತ್ತ ಅವನು ವಾಪಸು ಓಡಿದ.